ಬಂದ ಕಣ್ಣಿಗೊಂದು ಪ್ರತಿವಾದ

ನಮ್ಮ ಭಾಷೆಯ ಒಂದು ಮಾತಿನ ಮೇಲೆ ನನ್ನ ತಕರಾರು ಹಳೆಯದು. ಕಣ್ಣು ಹೋದರೆ ಕುರುಡು, ಒಪ್ಪಿದೆ. ಹಾಗಾದರೆ ಕಣ್ಣು ಬಂದರೆ ಬೆಳಕಾಗಬೇಕಲ್ಲ? ಆಗುವುದಿಲ್ಲ, ಬೇನೆಯಾಗುತ್ತದೆ. ಕಣ್ಣು ಕೆಂಪಾಗಿ, ಗೀಜು ಕಟ್ಟಿ, ಮನೆಮಂದಿಗೆಲ್ಲ ಒಬ್ಬರಿಂದೊಬ್ಬರಿಗೆ ಹರಡಿದರೆ ನಮ್ಮ ಕಡೆ "ಕಣ್ಣ ಬಂದಾವ" ಎನ್ನುತ್ತಾರೆ. ಇದರೊಳಗೆ ಇನ್ನೊಂದು ತೊಡಕಿದೆ. ಬಂದದ್ದು ವಾಸಿಯಾದ ಮೇಲೆ ಏನು ಹೇಳಬೇಕು? ಬಂದದ್ದು ಹೋಗಬೇಕು ತಾನೇ? ಆದರೆ "ಕಣ್ಣ ಹೋದುವು" ಎಂದು ಯಾರ ಬಾಯಿಂದಲೂ ಬರುವುದಿಲ್ಲ, ಬಂದರೆ ಬಾಯಿ ಮೇಲೆ ಹೊಡೆಯುತ್ತಾರೆ. ಹೀಗೆ ಈ ಬೇನೆ ಬರುವುದಕ್ಕೆ ನಮ್ಮಲ್ಲಿ ಮಾತುಂಟು, ಹೋಗುವುದಕ್ಕೆ ಮಾತಿಲ್ಲ.

ನನಗೆ ಆದದ್ದು ಆ ಬೇನೆಯೇ ಅಲ್ಲ. ಅದನ್ನು ಸಾಧಿಸಿ ತೋರಿಸಲು ನನಗೆ ಒಂದು ಚಳಿಗಾಲ ಪೂರ್ತಿ ಹಿಡಿಯಿತು.

ನಾನು ಇಳಕಲ್ಲಿನವಳು, ಹುನಗುಂದದ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿರುವವಳು. ಆ ಚಳಿಗಾಲದ ಆರಂಭದಲ್ಲಿ ನನ್ನ ರೆಪ್ಪೆಗಳ ಅಂಚು ಕೆಂಪಾಗಿ ಊದಿಕೊಂಡವು. ಎದ್ದ ಕೂಡಲೇ ಕನ್ನಡಿ ನೋಡಿದರೆ ರೆಪ್ಪೆಗೂದಲ ಬುಡದಲ್ಲಿ ರೊಟ್ಟಿ ಹಿಟ್ಟು ಉದುರಿದಂತೆ ಪುಡಿ. ಮಧ್ಯಾಹ್ನದ ಹೊತ್ತಿಗೆ ಕಣ್ಣೊಳಗೆ ಮರಳು ಹಾಕಿದಂತಾಗುತ್ತಿತ್ತು. ಕೋರ್ಟಿನ ಹೊರಗಿನ ಬೆಂಚಿನಲ್ಲಿ ನಾನು ಕೂತರೆ ಕಕ್ಷಿದಾರರು ಸದ್ದಿಲ್ಲದೆ ಅತ್ತ ಸರಿಯುತ್ತಿದ್ದರು. ಬಂದ ಕಣ್ಣನ್ನು ನೋಡಿದರೆ ನೋಡಿದವರಿಗೂ ಬರುತ್ತದೆಂದು ನಮ್ಮಲ್ಲಿ ಗಟ್ಟಿ ನಂಬಿಕೆ. ನೋಟದಿಂದ ಬೇನೆ ಹರಡುವುದಿಲ್ಲ, ಕೈಯಿಂದ, ಟವೆಲಿನಿಂದ ಹರಡುತ್ತದೆ, ಅದೂ ನನಗಿರುವುದು ಹರಡುವ ಜಾತಿಯದ್ದೇ ಅಲ್ಲ ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ವಿವರಿಸಿದೆ. ಅವರು ನೆಲ ನೋಡುತ್ತ ತಲೆಯಾಡಿಸಿದರು.

ಒಂದು ದಿನ ಹೊಲದ ಬದುವಿನ ವ್ಯಾಜ್ಯದಲ್ಲಿ ಪಾಟೀ ಸವಾಲು ಮಾಡಲು ಹಿರಿಯರು ನನ್ನನ್ನೇ ಎಬ್ಬಿಸಿದರು. ನನ್ನ ಪಾಲಿಗೆ ಅದು ಮೊದಲನೆಯದು. ಸಾಕ್ಷಿಕಟ್ಟೆಯಲ್ಲಿದ್ದ ಮುದುಕ ಫ್ಯಾನು ನೋಡಿದ, ಗೋಡೆಯ ಗಡಿಯಾರ ನೋಡಿದ, ನನ್ನ ಮುಖವೊಂದನ್ನು ಬಿಟ್ಟು ಎಲ್ಲ ನೋಡಿದ. ಸುಳ್ಳು ಹೇಳುವವನು ಕಣ್ಣು ತಪ್ಪಿಸುತ್ತಾನೆಂಬ ಪಾಠದ ಮೇಲೆ ನಂಬಿಕೆಯಿಟ್ಟು ನಾನು ಗಟ್ಟಿಯಾಗಿ, ನನ್ನ ಕಡೆ ನೋಡಿ ಉತ್ತರ ಕೊಡಬೇಕೆಂದೆ.

"ಬ್ಯಾಡ್ರಿ ವಕೀಲರ," ಅಂದ ಆತ, ಭಾಳ ಮರ್ಯಾದೆಯಿಂದ. "ನಂದು ನಾಳಿಗೆ ಕಣದಾಗ ರಾಶಿ ಐತ್ರಿ."

ನ್ಯಾಯಾಧೀಶರು ಫೈಲಿನ ಹಿಂದೆ ಮುಖ ಮುಚ್ಚಿಕೊಂಡರು. ಉಳಿದವರು ಮುಚ್ಚಿಕೊಳ್ಳದೆ ನಕ್ಕರು. ಆ ನಗೆಯ ನಂತರ ನಾನು ಕೇಳಿದ ಯಾವ ಪ್ರಶ್ನೆಗೂ ಮೊನಚಿರಲಿಲ್ಲ. ಮರುದಿನ ನಮ್ಮ ಹಿರಿಯರು ಕಪ್ಪು ಗಾಗಲ್ ಒಂದನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದರು.

ಮನೆಯಲ್ಲಿ ಆರೋಪಿ ಯಾರೆಂದು ಮೊದಲೇ ತೀರ್ಮಾನವಾಗಿತ್ತು: ನನ್ನ ಕಾಂಟ್ಯಾಕ್ಟ್ ಲೆನ್ಸು. ಅವ್ವನ ಪ್ರಕಾರ ಅದು ಷೋಕಿ. ನಮ್ಮ ತಂದೆಯ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಆಯಿಯ ಪ್ರಕಾರ ಅದು ತಿಳಿಗೇಡಿತನ. ಆಕೆ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಮಾಡಿಸಿಕೊಂಡವಳು. "ಮಂದಿ ದವಾಖಾನಿಗೆ ಹೋಗಿ ಪೊರಿ ತಗಸ್ಕೊಂಡ ಬರ್ತಾರ," ಎಂದು ಓಣಿಗೆಲ್ಲ ಹೇಳುತ್ತಿದ್ದಳು, "ನಮ್ಮಾಕಿ ರೊಕ್ಕಾ ಕೊಟ್ಟ ಹಾಕ್ಕೋತಾಳ."

ನನ್ನ ವಾದ ಸರಳವಾಗಿತ್ತು. ನನ್ನ ಎಡಗಣ್ಣಿನ ನಂಬರು ಎರಡು, ಬಲಗಣ್ಣಿನದು ಒಂಬತ್ತು. ಚಷ್ಮಾ ಹಾಕಿದರೆ ಒಂದು ಕಣ್ಣಿಗೆ ಮನುಷ್ಯ ಕಾಣುತ್ತಾನೆ, ಇನ್ನೊಂದಕ್ಕೆ ಅವನ ತಮ್ಮ ಕಾಣುತ್ತಾನೆ. ಎರಡು ಅಳತೆಯ ಎರಡು ಚಿತ್ರಗಳನ್ನು ಕೂಡಿಸಲು ಹೋಗಿ ತಲೆ ಸಿಡಿಯುತ್ತದೆ, ಮೆಟ್ಟಿಲು ಇಳಿಯುವಾಗ ಕಾಲು ಗಾಳಿಯಲ್ಲಿ ಬೀಳುತ್ತದೆ. ಲೆನ್ಸು ಕಣ್ಣಿನ ಮೇಲೇ ಕೂರುವುದರಿಂದ ಎರಡೂ ಚಿತ್ರ ಹೆಚ್ಚೂಕಡಿಮೆ ಒಂದೇ ಅಳತೆಗೆ ಬರುತ್ತವೆ. ಕಾಲೇಜಿನ ಮೊದಲ ವರ್ಷ ಲೆನ್ಸು ಹಾಕಿಕೊಂಡ ದಿನ ನಾನು ಜೀವನದಲ್ಲಿ ಮೊದಲ ಸಲ ಒಂದು ಪುಟವನ್ನು ಎರಡೂ ಕಣ್ಣಿನಿಂದ ಓದಿದೆ. ಇದು ಷೋಕಿಯಾದರೆ ಕುಂಟನ ಕೋಲೂ ಷೋಕಿ. ಅವ್ವ ಇದನ್ನೆಲ್ಲ ಕೇಳಿಸಿಕೊಂಡು, ಮಾತು ಭಾಳ ಚಲೋ ಕಲಿತೀಯವಾ, ಕಣ್ಣು ಮಾತ್ರ ಕೆಂಪಗೇ ಅದಾವ ಎಂದಳು.

ಬಾಗಲಕೋಟೆಯ ನವನಗರದಲ್ಲಿ ಒಬ್ಬ ಕಣ್ಣಿನ ಡಾಕ್ಟರು ಸಿಕ್ಕರು, ಹೆಣ್ಣುಮಗಳು, ನನಗಿಂತ ಜೋರಾಗಿ ಮಾತಾಡುವವರು. ರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತಿ ಯಂತ್ರದಲ್ಲಿ ನೋಡಿದರು. ರೆಪ್ಪೆಯ ಅಂಚಿನಗುಂಟ ಸಣ್ಣ ಸಣ್ಣ ಎಣ್ಣೆಯ ಗ್ರಂಥಿಗಳ ಸಾಲಿದೆ; ಆ ಎಣ್ಣೆ ಕಣ್ಣೀರಿನ ಮೇಲೆ ತೆಳ್ಳಗೆ ಹರಡಿ ಅದು ಆರದಂತೆ ಕಾಯುತ್ತದೆ. ನನ್ನ ಎಣ್ಣೆ ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಹೆಪ್ಪುಗಟ್ಟಿತ್ತು. ಬಾಯಿ ಮುಚ್ಚಿದ ಗ್ರಂಥಿಗಳಿಂದ ಅಂಚು ಊದಿತ್ತು, ಕಣ್ಣೀರು ಬೇಗ ಆರುತ್ತಿತ್ತು, ಉಳಿದ ಚೂರುಪಾರು ತೇವವನ್ನು ಲೆನ್ಸು ಕುಡಿಯುತ್ತಿತ್ತು. ಲೆನ್ಸಿನ ತಪ್ಪೇ ಹಾಗಾದರೆ ಎಂದು ಕೇಳಿದೆ. ಲೆನ್ಸು ಸಹ ಆರೋಪಿ, ಮುಖ್ಯ ಆರೋಪಿ ರೆಪ್ಪೆ ಎಂದರು. ನನಗೆ ಅವರು ಆಗಲೇ ಇಷ್ಟವಾದರು.

ಯಾವಾಗ ವಾಸಿಯಾಗುತ್ತದೆ ಎಂದೆ.

"ವಾಸಿ ಆಗೂದಿಲ್ಲ," ಎಂದರು. "ಹಿಡಿತದಾಗ ಇಟ್ಕೋಬಹುದು. ದಿನಾ ಹಲ್ಲ ತಿಕ್ಕತೀರಲ್ಲ, ಹಂಗ ದಿನಾ ಮಾಡಬೇಕು. ಬ್ಯಾಸರಾದ ದಿನಾನೂ."

ಮೂರು ದಿನಕ್ಕೆ ಗುಣ ಎನ್ನುವವರನ್ನು ನಾನು ನಂಬುವುದಿಲ್ಲ. ಆಗುವುದಿಲ್ಲ ಎಂದು ಮುಖದ ಮೇಲೆ ಹೇಳಿದ ಇವರನ್ನು ನಂಬಿದೆ. ರೆಪ್ಪೆ ಒಂದು ಹದಕ್ಕೆ ಬರುವವರೆಗೆ ಲೆನ್ಸು ಬೇಡ ಎಂದರು. ದಿನಾ ಬಿಸಿ ಶಾಖ, ಆಮೇಲೆ ರೆಪ್ಪೆಯನ್ನು ಅಂಚಿನ ಕಡೆಗೆ ಹಗುರಾಗಿ ತೀಡುವುದು, ಆಮೇಲೆ ಅವರು ಕೊಟ್ಟ ನೊರೆಯಿಂದ ರೆಪ್ಪೆಗೂದಲ ಬುಡ ಒರೆಸುವುದು, ನಡುನಡುವೆ ಕಣ್ಣೀರಿನಂಥ ಹನಿ. ಕಾಡಿಗೆ ಪೂರ್ತಿ ಬಂದ್.

ಮನೆಗೆ ಬಂದು ತೀರ್ಪು ಓದಿದೆ. ಕಾಡಿಗೆ ಬಂದ್ ಎಂದಾಗ ಆಯಿಯ ಮುಖ ಬಾಡಿತು. ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಆಕೆ ಕೈಯಾರೆ ಮಾಡಿದ ಕಾಡಿಗೆ ಓಣಿಯ ಕೂಸುಗಳಿಗೆಲ್ಲ ಹೋಗುತ್ತದೆ. ಅದು ರೆಪ್ಪೆಯ ಅಂಚಿನ ಮೇಲೇ ಕೂತು ಗ್ರಂಥಿಯ ಬಾಯಿಗೆ ಬೂಚು ಹಾಕುತ್ತದೆಂದು ನಾನು ಹೇಳಿದ್ದು ಆಕೆಗೆ ಬೈಗುಳದಂತೆ ಕೇಳಿತು. ಅವ್ವ ಮಾತ್ರ ಬೇರೊಂದು ಲೆಕ್ಕದಲ್ಲಿದ್ದಳು. ನಮ್ಮ ಅಕ್ಕನನ್ನು ಬಾದಾಮಿಗೆ ಕೊಟ್ಟಿದೆ, ಆಕೆ ಬಸುರಿ, ಚಳಿಗಾಲದ ಕೊನೆಗೆ ಕುಬಸ ಮಾಡುವುದಿತ್ತು. ತವರಿನವರು ಹಸಿರು ಸೀರೆ, ಕುಬಸದ ರವಿಕೆ ಕಣ, ಬಯಕೆಯ ಬುತ್ತಿ ತೆಗೆದುಕೊಂಡು ಹೋಗಿ ಬಸುರಿಗೆ ಉಡಿ ತುಂಬುವ ದಿನ ಅದು. ಬೀಗರ ಮುಂದೆ ಕೆಂಪು ಕಣ್ಣಿನ ಮಗಳನ್ನು ನಿಲ್ಲಿಸಲು ಅವ್ವ ತಯಾರಿರಲಿಲ್ಲ.

"ಕುಬಸದ ದಿನಾ ನಿನ್ನ ಕಣ್ಣ ಕೆಂಪ ಇದ್ದುವಂದ್ರ," ಎಂದಳು, "ಆ ಪೊರಿ ಎರಡೂ ಕಸದ ಡಬ್ಬಿಗೆ. ಆಮ್ಯಾಲೆ ಚಷ್ಮಾ. ಒಂದ ಮಾತ ವಾದಾ ಮಾಡಂಗಿಲ್ಲ."

"ಕೆಂಪ ಇರಲಿಲ್ಲಂದ್ರ?"

"ಇರಲಿಲ್ಲಂದ್ರ ಲೆನ್ಸಿನ ಸುದ್ದಿ ನಾ ಎತ್ತಂಗಿಲ್ಲ. ನೋಡಿ ಹೇಳಾಕಿ ಆಯಿ."

ನಿರ್ಣಾಯಕಿಗೆ ಸ್ವಂತ ಕಾಡಿಗೆ ಕಾರ್ಖಾನೆ ಇದೆ, ಆಕೆ ಪ್ರಕರಣದಲ್ಲಿ ಹಿತಾಸಕ್ತಿಯುಳ್ಳವಳು ಎಂದು ನಾನು ಆಕ್ಷೇಪಣೆ ಎತ್ತಿದೆ. ವಜಾ ಆಯಿತು. ಒಪ್ಪಿಕೊಂಡೆ. ಲೆನ್ಸು ಹೋದರೆ ಓದು ಹೋಗುತ್ತದೆ, ಓದು ಹೋದರೆ ಕೋರ್ಟು. ಅವ್ವನಿಗೆ ಅದು ಬೀಗರ ಮುಂದಿನ ಮರ್ಯಾದೆಯ ಪಣ, ನನಗೆ ಎರಡೂ ಕಣ್ಣಿನಿಂದ ಬದುಕುವ ಪಣ.

ಬಿಸಿ ಬಟ್ಟೆಯ ಶಾಖ ಎಂದರೆ ಹೇಳಿದಷ್ಟು ಸುಲಭವಲ್ಲ. ಒದ್ದೆ ಬಟ್ಟೆ ಕಣ್ಣಿಗೆ ಇಡುವಷ್ಟರಲ್ಲಿ ಆರುತ್ತದೆ. ಬಿಸಿಯನ್ನು ಹಿಡಿದಿಟ್ಟುಕೊಳ್ಳುವ ಕಾಳಿನ ಚೀಲವಾದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಪರೀಕ್ಷೆಗೆ ಒಡ್ಡಿದೆ. ಜೋಳ ಕಣ್ಣಿಗೆ ಒತ್ತುತ್ತಿತ್ತು. ಅಕ್ಕಿ ಬೇಗ ತಣ್ಣಗಾಗುತ್ತಿತ್ತು. ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಲು ಇಟ್ಟಿದ್ದ ಅಗಸಿ ಗೆದ್ದಿತು: ನುಣುಪು ಕಾಳು, ಕಣ್ಣಿನ ಗುಳಿಗೆ ನೀರಿನಂತೆ ಹೊಂದಿಕೊಂಡು ಕೂರುತ್ತದೆ. ಹಳೆಯ ಸೀರೆಯ ನೂಲಿನ ತುಂಡಿನಿಂದ ಚೀಲ ಹೊಲಿದೆ. ಬೆಳಿಗ್ಗೆ ಅವ್ವ ಕೊನೆಯ ರೊಟ್ಟಿ ತೆಗೆದು ಒಲೆ ಆರಿಸಿದ ಮೇಲೆ, ಹಂಚು ಇನ್ನೂ ಬೆಚ್ಚಗಿರುವಾಗ, ಅದರ ಮೇಲೆ ತಟ್ಟೆಯಿಟ್ಟು ತಟ್ಟೆಯ ಮೇಲೆ ಚೀಲ. ಮಣಿಕಟ್ಟಿನ ಒಳಬದಿಗೆ ಮುಟ್ಟಿಸಿ ಹಿತವಾಗಿದ್ದರೆ ಮಾತ್ರ ಕಣ್ಣಿಗೆ. ಆಯಿ ಇದನ್ನು ನೋಡಿ, ಹೊಟ್ಟೆಗೆ ಹೋಗಬೇಕಾದ ಅಗಸಿಯನ್ನು ಕಣ್ಣಿಗೆ ಇಟ್ಟುಕೊಳ್ಳುವವಳು ನಾಳೆ ರೊಟ್ಟಿಯನ್ನು ಕಿವಿಗೆ ಕಟ್ಟಿಕೊಂಡಾಳು ಎಂದಳು. ಅಗಸಿ ತಿಂದರೂ ಕಣ್ಣಿಗೆ ಒಳ್ಳೆಯದಂತೆ ಎಂದು ಓಣಿಯವರು ಉಪದೇಶ ಕೊಟ್ಟರು. ಡಾಕ್ಟರನ್ನು ಕೇಳಿದ್ದೆ, ಖಚಿತವಾಗಿ ಹೇಳಲಾರೆ, ತಿನ್ನಿ, ಆದರೆ ಶಾಖ ಬಿಡಬೇಡಿ ಎಂದಿದ್ದರು. ಎರಡನ್ನೂ ಮಾಡಿದೆ. ನಮ್ಮ ಮನೆಯಲ್ಲಿ ಅಗಸಿ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನಲು ವೈಜ್ಞಾನಿಕ ಕಾರಣ ಬೇಕಾಗುವುದಿಲ್ಲ.

ಇಳಕಲ್ಲಿನಿಂದ ಹುನಗುಂದಕ್ಕೆ ಬಸ್ಸು. ಊರ ಹೊರಗೆ ಗ್ರಾನೈಟ್ ಕೊಯ್ಯುವ ಯಂತ್ರಗಳು. ಲಾರಿ ಹೋದರೆ ಹಿಂದೆ ಕೆಂಪು ಕಲ್ಲಿನ ಪುಡಿ ಏಳುತ್ತದೆ. ಕಿಟಕಿಯ ಸೀಟಿಗಾಗಿ ಮೊದಲು ಜಗಳವಾಡುತ್ತಿದ್ದ ನಾನು ಈಗ ನಡುವೆ ಕೂತೆ, ಚಷ್ಮಾ ಹಾಕಿಕೊಂಡು, ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡು.

ಎಲ್ಲಕ್ಕಿಂತ ಕಷ್ಟವಾದದ್ದು ಬೇರೆಯೇ. ಎರಡನೆಯ ಭೇಟಿಯಲ್ಲಿ ಡಾಕ್ಟರು ನಾನು ಮಾತಾಡುವುದನ್ನು ಸುಮ್ಮನೆ ನೋಡುತ್ತ ಕೂತು, ನೀವು ವಾದ ಮಾಡುವಾಗ ರೆಪ್ಪೆ ಬಡಿಯುವುದೇ ಇಲ್ಲವಲ್ಲ ಎಂದರು. ಬಡಿಯುವುದಿಲ್ಲ, ಖರೆ. ಬಾಗಲಕೋಟೆಯ ಕಾಲೇಜಿನಲ್ಲಿ ನಮಗೆ ಚರ್ಚಾಸ್ಪರ್ಧೆ ಕಲಿಸಿದ ಮೇಷ್ಟ್ರು ಮೊದಲು ಕಲಿಸಿದ್ದೇ ಅದು: ಎದುರಾಳಿಯ ಮಾತು ಕೇಳುವಾಗ ರೆಪ್ಪೆ ಬಡಿದರೆ ಅರ್ಧ ಒಪ್ಪಿದಂತೆ. ಕನ್ನಡಿಯ ಮುಂದೆ ನಿಂತು, ಕಣ್ಣು ಉರಿದು ನೀರಾಡಿದರೂ ಮಿಟುಕಿಸದೆ ನಾನು ಅದನ್ನು ಸಾಧಿಸಿದ್ದೆ. ಎಷ್ಟೋ ಬಹುಮಾನ ಆ ನೋಟಕ್ಕೇ ಬಂದಿವೆ ಎಂದು ಈಗಲೂ ನಂಬಿದ್ದೇನೆ. ರೆಪ್ಪೆ ಪೂರ್ತಿ ಮುಚ್ಚಿ ತೆರೆದಾಗಲೇ ಎಣ್ಣೆ ಹೊರಬಂದು ಕಣ್ಣ ಮೇಲೆ ಹರಡುತ್ತದೆಂದು ಡಾಕ್ಟರು ಹೇಳಿದರು. ಗೆಲ್ಲಲು ಕಲಿತ ವಿದ್ಯೆ ಕಣ್ಣನ್ನು ಒಣಗಿಸುತ್ತಿತ್ತು.

ಹಾಗಾಗಿ ರೆಪ್ಪೆ ಬಡಿಯುವುದನ್ನು ಹೊಸದಾಗಿ ಕಲಿತೆ. ಒಂದು ವಾಕ್ಯ ಮುಗಿಯಿತು, ಪೂರ್ಣವಿರಾಮ, ರೆಪ್ಪೆ ಪೂರ್ತಿ ಮುಚ್ಚು, ತೆರೆ, ಮುಂದಿನ ವಾಕ್ಯ. ಮೊದಮೊದಲು ನಿದ್ದೆಗಣ್ಣಿನವಳಂತೆ ಕಾಣುತ್ತಿದ್ದೆನಂತೆ. ಆದರೆ ಒಂದು ಫಲ ಸಿಕ್ಕಿತು: ಪ್ರತಿ ವಾಕ್ಯದ ಕೊನೆಗೆ ನಿಲ್ಲಬೇಕಾದ್ದರಿಂದ ನನ್ನ ವಾಕ್ಯಗಳು ಚಿಕ್ಕವಾದವು, ಮಾತು ನಿಧಾನವಾಯಿತು. ಈಗ ಅರ್ಥವಾಗುವಂತೆ ಮಾತಾಡುತ್ತೀ ಎಂದು ನಮ್ಮ ಹಿರಿಯರು ಮೊದಲ ಸಲ ಹೊಗಳಿದರು. ಅದು ರೆಪ್ಪೆಯ ಚಿಕಿತ್ಸೆ ಎಂದು ನಾನು ಹೇಳಲಿಲ್ಲ.

ನಡುವೆ ಒಮ್ಮೆ ಬಲಗಣ್ಣಿನ ಮೇಲ್ರೆಪ್ಪೆಯಲ್ಲಿ ಗುಳ್ಳೆ ಎದ್ದಿತು. ಅವ್ವ ಗೆದ್ದವಳಂತೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿದಳು. ಆಯಿ ವಿಭೂತಿ ಹಚ್ಚಲು ಬಂದಳು. ಹಣೆಗೆ ಹಚ್ಚು, ಕಣ್ಣಿನ ಹತ್ತಿರ ಬೇಡ ಎಂದು ಕಣ್ಣು ಮುಚ್ಚಿ ನಿಂತೆ. ಹಿಸುಕಬಾರದೆಂದು ಗೊತ್ತಿತ್ತು, ಹಿಸುಕಲಿಲ್ಲ. ಡಾಕ್ಟರಿಗೆ ತೋರಿಸಿ ಬಂದು ಅಗಸಿ ಚೀಲವನ್ನು ಸಂಜೆಗೂ ಇಟ್ಟೆ. ನಿಧಾನಕ್ಕೆ ಇಳಿಯಿತು. ಕುಬಸ ಹತ್ತಿರ ಬರುವ ಹೊತ್ತಿಗೆ ಡಾಕ್ಟರು ಲೆನ್ಸಿಗೆ ಒಪ್ಪಿಗೆ ಕೊಟ್ಟರು. ತಿಂಗಳುಗಟ್ಟಲೆ ತೊಳೆದು ಹಾಕುವಂಥದ್ದಲ್ಲ, ದಿನಕ್ಕೊಂದು ಜೋಡಿ, ಹಾಕಿ ಎಸೆಯುವಂಥದ್ದು. ಅದೂ ಕೋರ್ಟಿನ ವೇಳೆಗಷ್ಟೇ. ಕೈ ಶುದ್ಧವಿಲ್ಲದಿದ್ದರೆ, ಕಣ್ಣು ಕೆಂಪಾಗಿದ್ದರೆ, ಅವತ್ತು ಇಲ್ಲ.

ಕುಬಸದ ದಿನ ಎಲ್ಲರೂ ಒಂದು ಕ್ರೂಸರ್ ಗಾಡಿಯಲ್ಲಿ ಹೊರಟೆವು. ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಬೀಗರ ಮನೆಗೆಂದು ಕರದಂಟು ಕಟ್ಟಿಸಿದರು. ದಾರಿಯ ಧೂಳಿಗಾಗಿ ನಾನು ಚಷ್ಮಾದಲ್ಲಿದ್ದೆ. ಲೆನ್ಸಿನ ಪೊಟ್ಟಣ ಪರ್ಸಿನಲ್ಲಿತ್ತು. ಬಾದಾಮಿಗೆ ಮುಟ್ಟಿ, ಸಾಬೂನಿನಿಂದ ಕೈ ತೊಳೆದು, ಲೆನ್ಸು ಹಾಕಿಕೊಂಡು, ತಿಳಿಗಣ್ಣಿನಿಂದ ಪಡಸಾಲೆಗೆ ಬಂದು ನಿಲ್ಲಬೇಕೆಂಬುದು ನನ್ನ ಯೋಜನೆ. ಸಾಕ್ಷ್ಯವನ್ನು ಯಾವಾಗ ಹಾಜರುಪಡಿಸಬೇಕೆಂದು ನನಗೆ ಗೊತ್ತಿದೆ.

ಹೊಸ್ತಿಲಲ್ಲೇ ಯೋಜನೆ ಮುರಿಯಿತು. ಬಂದ ಹೆಣ್ಣುಮಕ್ಕಳನ್ನು ಎದುರುಗೊಳ್ಳಲು ನಿಂತಿದ್ದ ನೆರೆಮನೆಯಾಕೆ, ನಾನು ಬಾಯಿ ತೆರೆಯುವ ಮೊದಲೇ ನನ್ನ ಎರಡೂ ಅಂಗೈಗೆ ಕಲಸಿದ ಅರಿಷಿಣ ಮೆತ್ತಿದಳು. ಹಿತ್ತಲಿಗೆ ಹೋಗಿ ತಿಕ್ಕಿ ತಿಕ್ಕಿ ತೊಳೆದೆ. ಬೆರಳ ತುದಿ, ಉಗುರ ಸಂದು, ಎಲ್ಲ ಹಳದಿ. ಅರಿಷಿಣ ಹಿಡಿದ ಬೆರಳಿನಿಂದ ಲೆನ್ಸು ಮುಟ್ಟಿದರೆ ಅದು ಕಣ್ಣೊಳಗೆ ಹೋಗುವುದು ಲೆನ್ಸಾಗಿ ಅಲ್ಲ, ಅಡುಗೆಯಾಗಿ. ಪೊಟ್ಟಣ ಪರ್ಸಿನಲ್ಲೇ ಉಳಿಯಿತು. ಚಷ್ಮಾ ಹಾಕಿಕೊಂಡೇ ಪಡಸಾಲೆಗೆ ಬಂದೆ.

ಅಕ್ಕ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ನನ್ನ ಮೂಗಿನ ಮೇಲೆ ಚಷ್ಮಾ ಕಂಡು ಅಕ್ಕನ ಅತ್ತೆ ತಡೆದರು. ಅದನ್ನು ನಾನು ಎಂದೂ ಹಾಕುವವಳಲ್ಲವೆಂದು ಅವರಿಗೆ ಗೊತ್ತು; ನನ್ನ ಕಣ್ಣಿನ ಸುದ್ದಿಯೂ ಚಳಿಗಾಲವಿಡೀ ಇಲ್ಲಿಗೆ ಬಂದಿತ್ತು.

"ತಪ್ಪ ತಿಳೀಬ್ಯಾಡವಾ," ಎಂದರು ಮೆತ್ತಗೆ. "ಕಣ್ಣ ಬಂದಾವಂತ ಕೇಳಿದ್ವಿ. ಬಸುರಿ ಹೆಣಮಗಳು. ಒಂದೀಟ ದೂರ ಕುಂದರು."

ಕೂತವರ ಮುಖಗಳೆಲ್ಲ ಒಟ್ಟಿಗೆ ನೆಲದ ಕಡೆ ಹೋದವು. ಹುನಗುಂದದ ಕೋರ್ಟೇ ಬಾದಾಮಿಗೆ ಬಂದಂತಾಯಿತು. ಅಕ್ಕ ಮಾತ್ರ ನೇರ ನನ್ನ ಕಣ್ಣನ್ನೇ ನೋಡುತ್ತ, ಅರಿಷಿಣ ಮೊದಲು ತನ್ನ ತಂಗಿಯೇ ಹಚ್ಚಬೇಕು, ಇಲ್ಲದಿದ್ದರೆ ತಾನು ಮಣೆ ಬಿಟ್ಟು ಏಳುತ್ತೇನೆ ಎಂದಳು. ನನ್ನ ಬಾಯಲ್ಲಿ ಗ್ರಂಥಿ, ಎಣ್ಣೆ, ಹರಡುವುದಿಲ್ಲ ಎಂಬ ವಾದವೆಲ್ಲ ಸಾಲಾಗಿ ನಿಂತಿತ್ತು. ಅವ್ವನ ಕಡೆ ನೋಡಿದೆ. ಅವ್ವ ಆಯಿಯ ಕಡೆ ನೋಡಿದಳು.

ಆಯಿ ಎದ್ದಳು. ನನ್ನ ರಟ್ಟೆ ಹಿಡಿದು ಬಾಗಿಲ ಬೆಳಕಿಗೆ ಎಳೆದೊಯ್ದಳು, ಚಷ್ಮಾ ತೆಗೆಸಿದಳು. ಆಕೆ ಮುಟ್ಟುವ ಮೊದಲು ಕೈ ತೊಳೆದುಕೊಳ್ಳಬೇಕೆಂದೆ. ಎಲ್ಲರೆದುರಿಗೆ ಬೈಯುತ್ತಾಳೆಂದುಕೊಂಡಿದ್ದೆ, ಸುಮ್ಮನೆ ಹೋಗಿ ತೊಳೆದು ಬಂದಳು. ಗದ್ದ ಹಿಡಿದು ಮುಖ ಎತ್ತಿ, ಕೆಳರೆಪ್ಪೆ ಜಗ್ಗಿ ಅಂಚು ನೋಡಿದಳು, ಇನ್ನೊಂದನ್ನೂ ನೋಡಿದಳು. ಆಪರೇಷನ್ ಆದ ಆಕೆಯ ಎರಡು ಕಣ್ಣು ನನ್ನ ಮೂಗಿನ ತುದಿಯಲ್ಲಿದ್ದವು. ಆಯಿ ಹೇಳಲು ಬಾಯಿ ತೆರೆದಳು, ನಿಂತಳು. ಆಕೆಯ ತೊಡಕು ನನಗೆ ಅರ್ಥವಾಯಿತು. ಬಂದ ಕಣ್ಣು ಹೋದುವು ಎಂದು ಕುಬಸದ ಮನೆಯಲ್ಲಿ ಹೇಗೆ ಹೇಳುವುದು?

"ತಿಳಿ ಆಗ್ಯಾವ," ಎಂದಳು ಕೊನೆಗೆ. "ಬಾವ್ಯಾಗ ರಾಡಿ ಕುಂತ ನೀರ ತಿಳಿ ಆದಂಗ ಆಗ್ಯಾವ. ನನ್ನ ಕಾಡಿಗಿ ಹಚ್ಚಿದ ಕೂಸಿಗೂ ಇಷ್ಟ ಚಲೋ ಕಣ್ಣ ನಾ ನೋಡಿಲ್ಲ."

ತನ್ನ ಕಾಡಿಗೆ ಹಚ್ಚದ ಕಣ್ಣಿನ ಬಗ್ಗೆ, ಬೀಗರ ಮನೆಯಲ್ಲಿ ನಿಂತು, ಆಕೆ ಅದನ್ನು ಹೇಳಿದಳು. ಹಿತಾಸಕ್ತಿಯ ಬಗ್ಗೆ ನಾನೆತ್ತಿದ್ದ ಆಕ್ಷೇಪಣೆಯನ್ನು ಮನಸ್ಸಿನಲ್ಲೇ ಹಿಂತೆಗೆದುಕೊಂಡೆ.

ಅವ್ವ ಅಷ್ಟು ಸುಲಭಕ್ಕೆ ಬಿಡುವವಳಲ್ಲ. ನಾನು ವಾದ ಕಲಿತದ್ದು ಕಾಲೇಜಿನಲ್ಲಿ ಅಷ್ಟೇ ಅಲ್ಲ. ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಕಣ್ಣ ತಿಳಿ ಇದ್ದರ ಮತ್ತ ಚಷ್ಮಾ ಯಾಕ ಹಾಕ್ಕೊಂಡಿ? ಲೆನ್ಸ್ ಒಗ್ಗಲಿಲ್ಲಂತನ ಅಲ್ಲ?"

ಎರಡೂ ಅಂಗೈ ಆಕೆಯ ಮುಂದೆ ಹಿಡಿದೆ. ಹಳದಿ.

"ಹಾಕ್ಕೋಬಾರದಾಗ ಹಾಕ್ಕೊಳ್ಳಲಿಲ್ಲಬೇ," ಎಂದೆ. "ಅದಕ್ಕ ತಿಳಿ ಅದಾವ."

ಅವ್ವ ಕೈ ನೋಡಿದಳು, ಕಣ್ಣು ನೋಡಿದಳು, ಕರದಂಟಿನ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಆವತ್ತಿನಿಂದ ಲೆನ್ಸಿನ ಸುದ್ದಿ ಎತ್ತಿಲ್ಲ. ಅಕ್ಕನ ಅತ್ತೆ ತಾವೇ ಅರಿಷಿಣದ ಬಟ್ಟಲು ತಂದು ನನ್ನ ಕೈಗಿಟ್ಟರು. ಅಕ್ಕನ ಕೆನ್ನೆಗೆ ಮೊದಲು ಹಚ್ಚಿದವಳು ನಾನು. ಚಷ್ಮಾದಲ್ಲಿ ಒಂದು ಕೆನ್ನೆ ದೊಡ್ಡದಾಗಿ, ಒಂದು ಸಣ್ಣದಾಗಿ ಕಂಡಿತು. ಅಂದಾಜಿನಲ್ಲೇ ಎರಡಕ್ಕೂ ಸರಿಯಾಗಿ ಹಚ್ಚಿದೆ. ಆ ದಿನದ ಫೋಟೋ ನಮ್ಮ ಮನೆಯಲ್ಲಿದೆ. ಅದರಲ್ಲಿ ನಾನು ಚಷ್ಮಾ ಹಾಕಿಕೊಂಡು, ಹಳದಿ ಕೈಯವಳಾಗಿ, ಇಡೀ ಪಡಸಾಲೆಯನ್ನು ಗೆದ್ದವಳಂತೆ ನಿಂತಿದ್ದೇನೆ. ಗೆದ್ದಿದ್ದೆ ಕೂಡ.

ಬೇನೆ ಹೋಗಿಲ್ಲ. ಡಾಕ್ಟರು ಹೇಳಿದಂತೆ ಅದು ಹೋಗುವಂಥದ್ದಲ್ಲ, ಮತ್ತು ನಾನು ಸುಳ್ಳು ಗೆಲುವು ಬರೆಯುವವಳಲ್ಲ. ಬೆಳಿಗ್ಗೆ ಹಂಚು ಇಳಿದ ಮೇಲೆ ಅಗಸಿ ಚೀಲ ಈಗಲೂ ಕಾಯುತ್ತದೆ, ಬೇಸರವಾದ ದಿನವೂ. ನಮ್ಮ ಓಣಿಯಲ್ಲಿ ಯಾರಿಗಾದರೂ ಕಣ್ಣು ಬಂದು ವಾಸಿಯಾದರೆ ಈಗ "ತಿಳಿ ಆಗ್ಯಾವ" ಎನ್ನುತ್ತಾರೆ. ಭಾಷೆಯಲ್ಲಿದ್ದ ತೂತಿಗೆ ಆಯಿ ಹಾಕಿದ ತೇಪೆ ಅದು. ಅದಕ್ಕೆ ಕಾರಣವಾದ ಕಣ್ಣು ನನ್ನದು.

ಹೋದ ವಾರ ಹುನಗುಂದದಲ್ಲಿ ಮತ್ತೊಂದು ಪಾಟೀ ಸವಾಲು. ಕೈ ತೊಳೆದು, ಒರೆಸಿ, ಲೆನ್ಸು ಹಾಕಿಕೊಂಡು ಹೋಗಿದ್ದೆ. ಸಾಕ್ಷಿ ಫ್ಯಾನು ನೋಡಲಿಲ್ಲ, ಗಡಿಯಾರ ನೋಡಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಒಂದಿಷ್ಟೂ ಅಳುಕದೆ, ಚೊಕ್ಕ ಸುಳ್ಳು ಹೇಳಿದ.

ನಾನು ರೆಪ್ಪೆ ಪೂರ್ತಿ ಮುಚ್ಚಿ, ತೆರೆದು, ಮುಂದಿನ ಪ್ರಶ್ನೆ ಕೇಳಿದೆ.